ಮಳೆಗೆ ಹೋದ ಚಂದನ

ಅಪ್ಪನ ಫೋನ್ ಬಂದಾಗ ನಾನು ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಸಿಗ್ನಲ್ ಕಾಯುತ್ತಾ ನಿಂತಿದ್ದೆ. ಬೈಕ್ ಪಕ್ಕಕ್ಕೆ ಹಾಕಿ ಎತ್ತಿದರೆ, "ಚಂದನ ಹೋತು ಮಾರಾಯ" ಅಂದರು. ಪರಿಚಯದವರು ಯಾರೋ ತೀರಿಕೊಂಡರೇನೋ ಅನ್ನುವಂಥ ದನಿ. ಎರಡು ಸೆಕೆಂಡ್ ಬೇಕಾಯಿತು ನನಗೆ, ಅವರು ಹೇಳುತ್ತಿರುವುದು ದೂರದರ್ಶನದ ಚಂದನ ಚಾನೆಲ್ಲಿನ ಬಗ್ಗೆ ಅಂತ ಗೊತ್ತಾಗಲಿಕ್ಕೆ.

"ಮಳೆನಾ?" ಅಂತ ಕೇಳಿದೆ.

"ಮಳೆನೇ ಇರಬೇಕು. ಇನ್ನೆಂತ ಇರ್ತದೆ?"

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರು ಬಿಟ್ಟು ಮಣ್ಣಿನ ರಸ್ತೆಯಲ್ಲಿ ಇಳಿದರೆ ನಮ್ಮ ಮನೆ. ಅಲ್ಲಿ ಏನು ಕೆಟ್ಟರೂ ಕಾರಣ ಮಳೆ. ಕರೆಂಟ್ ಹೋದರೆ ಮಳೆ, ಬಸ್ ಬರದಿದ್ದರೆ ಮಳೆ, ಅಡಿಕೆಗೆ ಕೊಳೆ ಬಂದರೆ ಮಳೆ. ಮುಕ್ಕಾಲು ಪಾಲು ನಿಜವೂ ಹೌದು, ಅದೇ ತೊಂದರೆ. ಮುಕ್ಕಾಲು ಪಾಲು ನಿಜವಾದ ಉತ್ತರ ಕೈಗೆ ಸಿಕ್ಕಿಬಿಟ್ಟರೆ ಉಳಿದ ಕಾಲನ್ನು ಹುಡುಕಲು ಯಾರೂ ಏಳುವುದಿಲ್ಲ. ಅಪ್ಪ ಜೂನ್‌ನಿಂದ ಕಾದರು. ಮೃಗಶಿರ ಹೋಯಿತು, ಪುಷ್ಯ ಹೋಯಿತು, ಮಘೆ ಹೋಯಿತು. ಉತ್ತರೆ ಮುಗಿಯುವ ಹೊತ್ತಿಗೆ ಆಕಾಶವೇ ತಿಳಿಯಾಯಿತು. ಚಾನೆಲ್‌ಗಳು ಮಾತ್ರ ಬರಲಿಲ್ಲ.

ಮೊಬೈಲ್‌ನಲ್ಲಿ ನೋಡಿ ಅನ್ನುವವರು ಒಮ್ಮೆ ನಮ್ಮ ಮನೆಗೆ ಬರಬೇಕು. ನೆಟ್‌ವರ್ಕ್ ಸಿಗುವುದು ಉಣುಗೋಲಿನ ಹತ್ತಿರ ಮಾತ್ರ, ಅದೂ ಎಡಗಡೆ ಗೂಟಕ್ಕೆ ಒರಗಿ ನಿಂತರೆ. ಎಪ್ಪತ್ತು ದಾಟಿದ ಮನುಷ್ಯ ಗೂಟಕ್ಕೆ ಒರಗಿ ವಾರ್ತೆ ನೋಡಲಿಕ್ಕಾಗುತ್ತದಾ?

2024ರ ಸೆಪ್ಟೆಂಬರ್ ಕೊನೆಯ ವಾರ. ಪಿತೃಪಕ್ಷಕ್ಕೆ ಹೇಗೂ ಊರಿಗೆ ಹೋಗುವುದಿತ್ತು. ಒಂದು ಸ್ಪ್ಯಾನರ್, ನಾಲ್ಕು ಹೊಸ ಕನೆಕ್ಟರ್, ಇನ್ಸುಲೇಷನ್ ಟೇಪ್ ಚೀಲಕ್ಕೆ ಹಾಕಿಕೊಂಡೆ. ನಾನೇನು ಮೆಕ್ಯಾನಿಕ್ ಅಲ್ಲ. ಆದರೆ ಟಿವಿ ಸಿಗ್ನಲ್ ಹುಡುಕುವ ಕೆಲಸದಲ್ಲಿ ನನಗೆ ಬಾಲ್ಯದ ಅನುಭವ ಇದೆ.

ಆಗ ನಮ್ಮದು ಮನೆ ಹಿಂದಿನ ಗುಡ್ಡದ ಮೇಲೆ ಬಿದಿರು ಗಳಕ್ಕೆ ಕಟ್ಟಿದ ಆಂಟೆನಾ. ಮೀನಿನ ಮುಳ್ಳಿನ ಹಾಗಿರುತ್ತಿತ್ತಲ್ಲ, ಅದು. ಅದಕ್ಕೆ ಯಾಗಿ ಆಂಟೆನಾ ಅಂತ ಹೆಸರು ಅನ್ನುವುದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಜಪಾನಿನ ಶಿಂತಾರೊ ಉದಾ, ಹಿಡೆತ್ಸುಗು ಯಾಗಿ ಅನ್ನುವ ಇಬ್ಬರು 1926ರಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಹೆಚ್ಚು ದುಡಿದವನು ಉದಾ, ಹೆಸರು ಉಳಿದದ್ದು ಯಾಗಿಯದು. ಅಪ್ಪ ಗುಡ್ಡದ ಮೇಲೆ ನಿಂತು ಗಳ ತಿರುಗಿಸಬೇಕು. ಅಣ್ಣ ಮಧ್ಯದ ದರೆ ಮೇಲೆ. ನಾನು ಕಿಟಕಿಯಲ್ಲಿ. "ಬಂತಾ?" ಅಂತ ಮೇಲಿನಿಂದ. "ಬಂತಾ ಅಂತೆ" ಅಂತ ಮಧ್ಯದಿಂದ. "ಬಂತು, ಬಂತು... ಹೋತು" ಅಂತ ನಾನು. ನನ್ನ "ಹೋತು" ಗುಡ್ಡ ಹತ್ತುವಷ್ಟರಲ್ಲಿ ಅಪ್ಪ ಇನ್ನೂ ಒಂದು ಸುತ್ತು ತಿರುಗಿಸಿ ಆಗಿರುತ್ತಿತ್ತು. ಪರದೆ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕಿಗಳು. ಅದರ ಮಧ್ಯದಲ್ಲೇ ಯಾರೋ ಒಬ್ಬರು ವಾರ್ತೆ ಓದುತ್ತಿದ್ದರು. ನಮಗೆ ಸಾಕಿತ್ತು.

ಆ ನೆಲದ ಮೇಲಿನ ಪ್ರಸಾರ ಈಗಿಲ್ಲ. 2022ರ ಹೊತ್ತಿಗೆ ದೂರದರ್ಶನ ತನ್ನ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹೆಚ್ಚುಕಮ್ಮಿ ಪೂರ್ತಿ ನಿಲ್ಲಿಸಿತು. ನಮ್ಮ ಗಳ ಅದಕ್ಕೂ ಎಷ್ಟೋ ಮೊದಲೇ ಗೊರಲೆ ತಿಂದು ಬಿದ್ದಿತ್ತು. ಈಗಿರುವುದು ಡಿಡಿ ಫ್ರೀ ಡಿಷ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು ಇದೇ. ತಿಂಗಳ ಬಾಡಿಗೆ ಇಲ್ಲ, ಒಮ್ಮೆ ಡಿಷ್ ಮತ್ತು ಬಾಕ್ಸ್ ಕೊಂಡರೆ ಆಯಿತು. ಅಪ್ಪನಿಗೆ ಅದು ಬಾಣಲೆ. "ಬಾಣಲೆ ಅಲ್ಲಾಡಿದೆ ಅನ್ನಿಸ್ತದೆ, ಮಂಗ ಕೂತಿತ್ತು" ಅಂದರು, ನಾನು ಚೀಲ ಇಳಿಸುವ ಮೊದಲೇ.

ಮೊದಲು ಟಿವಿ ಹಾಕಿ ನೋಡಿದೆ. ಬಾಕ್ಸಿನಲ್ಲಿ ಐವತ್ತಕ್ಕೂ ಕಡಿಮೆ ಚಾನೆಲ್ ಉಳಿದಿತ್ತು. ಕೇಳಿದರೆ ಕಥೆ ಹೊರಗೆ ಬಂತು. ಚಾನೆಲ್ ಹೋದಾಗಲೆಲ್ಲ ಅಪ್ಪ ರಿಮೋಟ್ ಹಿಡಿದು ಆಟೋ ಸ್ಕ್ಯಾನ್ ಮಾಡಿದ್ದಾರೆ, ಜೋರು ಮಳೆಯಲ್ಲೇ. ಸ್ಕ್ಯಾನ್ ಅಂದರೆ ಹಾಜರಿ ಕರೆದ ಹಾಗೆ. ಆ ಹೊತ್ತಿಗೆ ಯಾರು "ಎಸ್ ಸಾರ್" ಅಂದರೋ ಅವರ ಹೆಸರು ಮಾತ್ರ ಪಟ್ಟಿಯಲ್ಲಿ. ಮಳೆಯಿಂದ ಹತ್ತು ನಿಮಿಷ ಮಂಕಾಗಿದ್ದವರ ಹೆಸರನ್ನು ಅಪ್ಪನ ಬಾಕ್ಸ್ ಹೊಡೆದೇ ಹಾಕಿತ್ತು. ಸಿಗ್ನಲ್ ಸರಿ ಇಲ್ಲದಾಗ ಸ್ಕ್ಯಾನ್ ಮಾಡಲೇಬಾರದು. ಇದೊಂದನ್ನು ದಪ್ಪ ಅಕ್ಷರದಲ್ಲಿ ಬರೆದು ಟಿವಿ ಪಕ್ಕ ಅಂಟಿಸಿ ಬಂದಿದ್ದೇನೆ.

ಚಾನೆಲ್‌ಗಳು ಒಂದೊಂದಾಗಿ ಹೋಗುವುದಿಲ್ಲ, ಗುಂಪಾಗಿ ಹೋಗುತ್ತವೆ. ಅದಕ್ಕೂ ಕಾರಣ ಇದೆ. ಉಪಗ್ರಹದಿಂದ ಒಂದೊಂದು ಟ್ರಾನ್ಸ್‌ಪಾಂಡರ್ ಒಂದೊಂದು ಕಟ್ಟು ಚಾನೆಲ್‌ಗಳನ್ನು ಹೊತ್ತು ತರುತ್ತದೆ. ನಮ್ಮೂರ ಬಸ್ಸಿನ ಹಾಗೆ ಅಂದುಕೊಳ್ಳಿ. ಬೆಳಗಿನ ಬಸ್ ಬರಲಿಲ್ಲ ಅಂದರೆ ಮೇಷ್ಟ್ರೂ ಬರಲಿಲ್ಲ, ಪೋಸ್ಟೂ ಬರಲಿಲ್ಲ, ಪೇಪರೂ ಬರಲಿಲ್ಲ. ಚಂದನ ಯಾವ ಬಸ್ಸಿನಲ್ಲಿತ್ತೋ ಆ ಬಸ್ ಅಷ್ಟೂ ಕಾಣೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಚಾನೆಲ್ ಕಾಣೆಯಾದಾಗಲೆಲ್ಲ ಏನೋ ಕೆಟ್ಟಿದೆ ಅಂತ ಅಲ್ಲ. ಫ್ರೀ ಡಿಷ್‌ನಲ್ಲಿ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಹಿಡಿಯುತ್ತವೆ. ಏಪ್ರಿಲ್ 1 ಬಂತೆಂದರೆ ಕೆಲವು ಹೋಗುತ್ತವೆ, ಕೆಲವು ಬರುತ್ತವೆ. ಹಳೆಯ ಎಂಪೆಗ್-2 ಬಾಕ್ಸ್ ಇದ್ದವರಿಗೆ, ಚಿತ್ರ ಕುಗ್ಗಿಸಿ ಕಳಿಸುವ ಹೊಸ ವಿಧಾನವಾದ ಎಂಪೆಗ್-4ರಲ್ಲಿ ಬರುವವು ಕಾಣುವುದೇ ಇಲ್ಲ. ಅದಕ್ಕೆ ಡಿಷ್ ತಿರುಗಿಸಿ ಪ್ರಯೋಜನ ಇಲ್ಲ. ಆದರೆ ನಮ್ಮನೆಯದು ಏಪ್ರಿಲ್‌ನಲ್ಲಿ ಹೋದದ್ದಲ್ಲ, ಬಾಕ್ಸೂ ಹೊಸತೇ.

ಸೆಟ್ಟಿಂಗ್‌ಗೆ ಹೋಗಿ ಎರಡು ಪಟ್ಟಿ ನೋಡಿದೆ, ಸ್ಟ್ರೆಂಥ್ ಮತ್ತು ಕ್ವಾಲಿಟಿ. ಸ್ಟ್ರೆಂಥ್ ಎಂಬತ್ತರ ಹತ್ತಿರ. "ನೋಡು, ಎಂಬತ್ತು ಇದೆಯಲ್ಲ" ಅಂದರು ಅಪ್ಪ, ಮಾರ್ಕ್ಸ್ ಕಾರ್ಡ್ ತೋರಿಸುವ ಹಾಗೆ. ಆ ಪಟ್ಟಿ ದೊಡ್ಡ ಸುಳ್ಳ. ಕೇಬಲ್‌ನಲ್ಲಿ ಏನೋ ಒಂದು ಬರುತ್ತಿದೆ ಅಂತಷ್ಟೇ ಅದು ಹೇಳುವುದು. ಬರುತ್ತಿರುವುದು ಹಾಡೋ ಗಲಾಟೆಯೋ ಅಂತ ಹೇಳುವುದು ಕ್ವಾಲಿಟಿ. ನಮ್ಮದು ಹನ್ನೆರಡು, ಹದಿನೆಂಟು, ಸೊನ್ನೆ, ಮತ್ತೆ ಹದಿನೈದು ಅಂತ ಕುಣಿಯುತ್ತಿತ್ತು.

ಅಂಗಳದ ತುದಿಯಲ್ಲಿ ಕಬ್ಬಿಣದ ಪೈಪಿನ ಮೇಲೆ ಡಿಷ್. ಬಾಕ್ಸ್ ಆಫ್ ಮಾಡಿಸಿ, ಡಿಷ್ ಮುಂದೆ ಕೈ ಚಾಚಿಕೊಂಡು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿದೆ. ಆಫ್ ಮಾಡದೆ ಬಿಚ್ಚಬೇಡಿ. ಆ ಕೇಬಲ್‌ನಲ್ಲಿ ಬಾಕ್ಸಿನಿಂದ 13 ಅಥವಾ 18 ವೋಲ್ಟ್ ಮೇಲೆ ಹೋಗುತ್ತಿರುತ್ತದೆ, ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಬಿಚ್ಚಿದ ಕನೆಕ್ಟರ್‌ನಿಂದ ಒಂದು ಹನಿ ನೀರು ನನ್ನ ಅಂಗೈಗೆ ಬಿತ್ತು. ನಡುವಿನ ತಾಮ್ರದ ತಂತಿ ತಾಮ್ರದ ಬಣ್ಣದಲ್ಲಿರಲಿಲ್ಲ, ಹಳೇ ತಂಬಿಗೆಯ ಕಿಲುಬಿನ ಹಸಿರು. ಸುತ್ತಲಿನ ಜಾಲರಿ ಬೆರಳಿನಲ್ಲಿ ಉಜ್ಜಿದರೆ ಕಪ್ಪು ಪುಡಿ. ಟೇಪ್ ಸುತ್ತಿದ್ದರು, ಆದರೆ ಮೇಲಿನಿಂದ ಕೆಳಕ್ಕೆ. ಹಂಚು ಹೊದಿಸಿದ ಹಾಗೆ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಇಲ್ಲದಿದ್ದರೆ ಪ್ರತಿ ಸುತ್ತೂ ನೀರಿಗೆ ಬಾಯಿ ತೆರೆದು ಕೂತಿರುತ್ತದೆ. ಮಲೆನಾಡಿನಲ್ಲಿ ಮಾಡು ಹೊದಿಸುವುದು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಟೇಪ್ ಸುತ್ತುವಾಗ ಮಾತ್ರ ಮರೆತುಹೋಗುತ್ತದೆ.

ಕೇಬಲ್ ತುದಿಯ ಒಂದು ಗೇಣು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕುಂಬಾರ ಹುಳ ಅಚ್ಚುಕಟ್ಟಾಗಿ ಮಣ್ಣಿನ ಮಡಿಕೆ ಕಟ್ಟಿತ್ತು, ಅದನ್ನೂ ಕೆರೆದೆ. ಗೋಡೆಯೊಳಗೆ ಹೋಗುವ ಮುನ್ನ ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವ ಹಾಗೆ ಒಂದು ಕೊಕ್ಕೆ ಬಿಟ್ಟೆ. ಕೇಬಲ್ ಹಿಡಿದು ಬರುವ ನೀರು ಅಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ.

ಕ್ವಾಲಿಟಿ ನಲವತ್ತಕ್ಕೆ ಏರಿತು. ಚಂದನ ಬಂತು. ಅಮ್ಮ ಕಾಫಿ ತಂದರು. ನಾನು ಗೆದ್ದೆ ಅಂದುಕೊಂಡೆ.

ಸಂಜೆ ನಾಲ್ಕಕ್ಕೆ ಗಾಳಿ ಎದ್ದಿತು. ಮಳೆ ಇಲ್ಲ, ಬರೀ ಗಾಳಿ. ವಾರ್ತೆ ಓದುವವರ ಬಾಯಿ ಅರ್ಧ ತೆರೆದಲ್ಲೇ ನಿಂತಿತು. ಮುಖ ಚೌಕ ಚೌಕವಾಗಿ ಒಡೆಯಿತು. ಮತ್ತೆ ಸೇರಿತು, ಮತ್ತೆ ಒಡೆಯಿತು. ಗಾಳಿ ನಿಂತರೆ ಚಿತ್ರ ಸರಿ, ಬೀಸಿದರೆ ಢಮಾರ್. ರಾತ್ರಿ ಒಂದು ಸಣ್ಣ ಹನಿ ಮಳೆ ಬಂದು ನಿಂತಿತು. ಮಳೆ ನಿಂತು ಒಂದು ಗಂಟೆಯಾದರೂ ಸಿಗ್ನಲ್ ಇಲ್ಲ.

"ಮೂರು ಸಲ ಮೆಕ್ಯಾನಿಕ್ ಬಂದು ತಿರುಗಿಸಿದಾಗಲೂ ಹಿಂಗೇ ಆತು" ಅಂದರು ಅಪ್ಪ. ಪ್ರತಿ ಸಲ ಮುನ್ನೂರು. ಪ್ರತಿ ಸಲವೂ ಅವರು ಹೋಗುವ ತನಕ ಚಂದ ಬರುತ್ತಿತ್ತಂತೆ.

ಮಳೆಗೂ ಅದರ ಪಾಲು ಕೊಡಬೇಕು. ಡಿಷ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚೆದುರಿಸುತ್ತವೆ. ಆಗುಂಬೆ ಕಡೆಯ ಮಳೆಗೆ ಯಾವ ಡಿಷ್ಷೂ ತಡೆಯುವುದಿಲ್ಲ. ಆದರೆ ಅದು ಮಳೆ ಸುರಿಯುವಷ್ಟು ಹೊತ್ತು ಮಾತ್ರ. ಮಳೆ ಹೋದಮೇಲೂ ಬರದೆ ಇರುವುದು, ಬರೀ ಗಾಳಿಗೆ ಹೋಗುವುದು, ಇವೆರಡೂ ಮಳೆಯ ಬುದ್ಧಿ ಅಲ್ಲ. ಒದ್ದೆಯಾಗಿ ಉಳಿಯುವುದು ಏನು? ಗಾಳಿಗೆ ಆಡುವುದು ಏನು? ಹಾಸಿಗೆಯಲ್ಲಿ ಬಿದ್ದುಕೊಂಡು ಇದನ್ನೇ ಯೋಚಿಸಿದೆ. ಎಲೆ ಅಂತ ಹೊಳೆದಾಗ ಮಧ್ಯರಾತ್ರಿ. ಎದ್ದು ಕೂತರೆ ಅಮ್ಮ "ಎಂತ ಆತು?" ಅಂದರು. "ಎಲೆ" ಅಂದೆ. "ಬೆಳಗ್ಗೆ ತಿನ್ನು, ಈಗ ಮಲಗು" ಅಂದರು. ವೀಳ್ಯದೆಲೆ ಅಂದುಕೊಂಡಿದ್ದರು.

ಬೆಳಿಗ್ಗೆ ಡಿಷ್ ಮುಂದೆ ನಿಂತು ನೋಡಿದೆ. ಬುಟ್ಟಿಯ ಮುಖ ತೋಟದ ಮೇಲಿನ ಖಾಲಿ ಆಕಾಶಕ್ಕಿತ್ತು. ಅಡ್ಡ ಒಂದು ಕಡ್ಡಿಯೂ ಇಲ್ಲ. ಎಲ್ಲರೂ ಮೋಸಹೋಗುವುದು ಇಲ್ಲೇ. ಮನೆ ಡಿಷ್‌ಗಳು ಓರೆಗಣ್ಣಿನವು. ಎಲ್‌ಎನ್‌ಬಿ ನೆರಳು ಬುಟ್ಟಿಯ ಮೇಲೆ ಬೀಳದಿರಲಿ ಅಂತ ಅವನ್ನು ಹಾಗೆ ಮಾಡಿರುತ್ತಾರೆ. ಮುಖ ಎಲ್ಲಿಗಿದೆ ಅನ್ನಿಸುತ್ತದೋ ಅದಕ್ಕಿಂತ ಇಪ್ಪತ್ತಕ್ಕೂ ಜಾಸ್ತಿ ಡಿಗ್ರಿ ಮೇಲಕ್ಕೆ ಅವು ನಿಜವಾಗಿ ನೋಡುತ್ತಿರುತ್ತವೆ. ನಮ್ಮ ಉಪಗ್ರಹ ಜಿಸ್ಯಾಟ್-15. 2015ರ ನವೆಂಬರ್‌ನಲ್ಲಿ ಮೇಲೆ ಹೋದದ್ದು, ಸಮಭಾಜಕದ ಮೇಲೆ 93.5 ಡಿಗ್ರಿ ಪೂರ್ವದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ತೀರ್ಥಹಳ್ಳಿಯಿಂದ ನೋಡಿದರೆ ಇದು ದಿಕ್ಸೂಚಿಯಲ್ಲಿ 126 ಡಿಗ್ರಿ ಹತ್ತಿರ, ಅಂದರೆ ಹೆಚ್ಚುಕಮ್ಮಿ ಆಗ್ನೇಯ. ವಾಸ್ತು ಪ್ರಕಾರ ಅಡುಗೆ ಒಲೆ ಇಡುವ ಮೂಲೆ. ಎತ್ತರ ನೆಲದಿಂದ ಸುಮಾರು 63 ಡಿಗ್ರಿ. ತಲೆ ಚೆನ್ನಾಗಿ ಹಿಂದಕ್ಕೆ ವಾಲಿಸಬೇಕು.

ವಾಲಿಸಿದೆ. ಸಿಲ್ವರ್ ಓಕ್.

ಅಪ್ಪ ಅದನ್ನು ನೆಟ್ಟು ಹದಿನೈದು ವರ್ಷ ದಾಟಿದೆ, ಕಾಳುಮೆಣಸು ಹಬ್ಬಿಸಲಿಕ್ಕೆ. ಡಿಷ್ ಹಾಕಿಸಿದಾಗ ಅದು ಮಾಡಿನ ಎತ್ತರಕ್ಕಿತ್ತು. ಪ್ರತಿ ವರ್ಷ ಮಳೆಗಾಲದ ಮೊದಲು ಆಳು ಹತ್ತಿ ಕೊಂಬೆ ಸವರುತ್ತಿದ್ದ. ಎರಡು ವರ್ಷದಿಂದ ಮರ ಹತ್ತುವವರು ಸಿಕ್ಕಿಲ್ಲ. ಸಿಕ್ಕವರು ಕೊಳೆ ಔಷಧಿ ಹೊಡೆಯಲಿಕ್ಕೇ ಸಾಲುವುದಿಲ್ಲ.

ಆದರೂ ಅಪ್ಪ ಒಪ್ಪಲಿಲ್ಲ. "ಅಷ್ಟು ಮೇಲಿರೋ ಮರದ ತುದಿಗೂ ಇಷ್ಟು ಕೆಳಗಿರೋ ಬಾಣಲೆಗೂ ಎಂತ ಸಂಬಂಧ?"

ಇಲ್ಲಿ ನನಗೆ ಕ್ಯಾಲೆಂಡರ್ ಸಹಾಯಕ್ಕೆ ಬಂತು. ವರ್ಷಕ್ಕೆ ಎರಡು ಸಲ, ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ನಮ್ಮೂರಿನ ಲೆಕ್ಕಕ್ಕೆ, ಈ ಉಪಗ್ರಹಕ್ಕೆ, ಸೆಪ್ಟೆಂಬರ್‌ನಲ್ಲಿ ಅದು ಬೆಳಿಗ್ಗೆ 10:55ರ ಸುಮಾರಿಗೆ. ಅವತ್ತು ಸೆಪ್ಟೆಂಬರ್ 29. ಆ ಹೊತ್ತಿಗೆ ಡಿಷ್ ಮೇಲೆ ಯಾವುದರ ನೆರಳು ಬೀಳುತ್ತದೋ ಅದೇ ಕಳ್ಳ. ಬೇರೆ ಸಾಕ್ಷಿ ಬೇಡ.

ಇಬ್ಬರೂ ಜಗಲಿಯಲ್ಲಿ ಕೂತೆವು. ಹಸ್ತದ ಮಳೆ ಹುಟ್ಟಿತ್ತು, ಬೆಳಗಿನ ಮಂಜು ಹತ್ತರ ತನಕ ಬಿಡಲಿಲ್ಲ. ಆಮೇಲೆ ಬಿಸಿಲು ಚುರುಕಾಯಿತು. ಹತ್ತೂ ನಲವತ್ತಕ್ಕೆ ಬುಟ್ಟಿಯ ಒಂದು ಅಂಚಿಗೆ ಎಲೆಗಳ ನೆರಳು ತಾಗಿತು. ಹತ್ತೂ ಐವತ್ತಕ್ಕೆ ಅರ್ಧ. 10:55ಕ್ಕೆ ಬಿಳಿ ಬುಟ್ಟಿ ಪೂರ್ತಿ ಕಪ್ಪು, ಅದರ ಮೇಲೆ ಸಣ್ಣ ಸಣ್ಣ ಬಿಸಿಲ ಕಾಸು, ಗಾಳಿ ಬಂದ ಹಾಗೆ ಅತ್ತಿತ್ತ ಓಡಾಡುತ್ತಿದ್ದವು. ಅಪ್ಪ ಎದ್ದು ಹೋಗಿ ಬುಟ್ಟಿಯ ಮೇಲೆ ಕೈ ಇಟ್ಟು ನೋಡಿದರು. ತಣ್ಣಗಿತ್ತು. ಪಕ್ಕದ ಪೈಪ್ ಮುಟ್ಟಿದರು. ಬಿಸಿ. ಏನೂ ಹೇಳಲಿಲ್ಲ.

ಅದೇ ಹೊತ್ತಿಗೆ ದೋಟಿ ನೆಟ್ಟಗೆ ನಿಲ್ಲಿಸಿ ನೆರಳು ಅಳೆದೆ. ಹದಿನೈದು ಅಡಿ ದೋಟಿಗೆ ಏಳೂವರೆ ಅಡಿ ನೆರಳು. ಲೆಕ್ಕ ಅಷ್ಟೇ ಸುಲಭ. ಡಿಷ್‌ನಿಂದ ಆಗ್ನೇಯಕ್ಕೆ ಮರ ಎಷ್ಟು ದೂರ ಇದೆಯೋ ಅದರ ಎರಡರಷ್ಟು, ಜೊತೆಗೆ ಡಿಷ್ಷಿನ ಎತ್ತರ. ಮರ ಅದಕ್ಕಿಂತ ಮೇಲೆ ಹೋದರೆ ಅಡ್ಡ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಮರ ಇಪ್ಪತ್ತೆರಡು ಅಡಿ ದೂರ, ಡಿಷ್ ಐದು ಅಡಿ ಎತ್ತರ. ನಲವತ್ತೊಂಬತ್ತು ಅಡಿ ಮೀರಿದರೆ ಸಾಕು. ಮರ ಐವತ್ತೈದಕ್ಕೆ ಕಡಿಮೆ ಇರಲಿಲ್ಲ. ಇದು ಶಿವಮೊಗ್ಗ ಸೀಮೆಯಲ್ಲಿ ಈ ಒಂದು ಉಪಗ್ರಹಕ್ಕೆ ಮಾತ್ರ ಹೊಂದುವ ಲೆಕ್ಕ. ಬೇರೆ ಕಂಪನಿಯ ಡಿಷ್ ಬೇರೆ ಕಡೆ ನೋಡುತ್ತದೆ.

ಮರ ಕಡಿಯುವ ಮಾತು ನಾನು ಎತ್ತಲಿಲ್ಲ. ಎತ್ತಿದ್ದರೆ ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ನಾನು. ಆ ಮರದ ಬಳ್ಳಿ ಕೊಡುವ ಮೆಣಸಿನ ಮುಂದೆ ನೂರು ಚಾನೆಲ್ ಏನೂ ಅಲ್ಲ. ಡಿಷ್ಷನ್ನೇ ಹಿಂದಕ್ಕೆ, ಕೊಟ್ಟಿಗೆಯ ಮೂಲೆ ಕಂಬಕ್ಕೆ ಸಾಗಿಸಿದೆವು. ಈಗ ಮರಕ್ಕೂ ಅದಕ್ಕೂ ನಲವತ್ತೈದು ಅಡಿ. ಓಕ್ ತೊಂಬತ್ತೈದು ಅಡಿ ಎತ್ತರ ಮುಟ್ಟಿದರೆ ಆಗ ನೋಡೋಣ. ತೀರ್ಥಹಳ್ಳಿ ಪೇಟೆಗೆ ಹೋಗಿ ಆರ್‌ಜಿ 6 ಕೇಬಲ್ ಒಂದೇ ಉದ್ದದ್ದು ತಂದೆ, ಮಧ್ಯೆ ಗಂಟು ಇಲ್ಲದೆ.

ಕೂರಿಸುವುದಕ್ಕೇ ಎರಡು ಗಂಟೆ ಹಿಡಿಯಿತು. ಗಳ ತಿರುಗಿಸಿದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹಳೇ ಟಿವಿಯಲ್ಲಿ ಇರುವೆ ಕಡಿಮೆಯಾದರೆ ಸರಿ ದಾರಿ, ಜಾಸ್ತಿಯಾದರೆ ತಪ್ಪು ದಾರಿ. ಡಿಜಿಟಲ್‌ಗೆ ಆ ದಾಕ್ಷಿಣ್ಯ ಇಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು. ಕೂದಲೆಳೆಯಷ್ಟು ಸರಿಸಬೇಕು, ಬಾಕ್ಸ್ ಹಿಡಿದುಕೊಳ್ಳಲಿಕ್ಕೆ ಐದು ಎಣಿಸಬೇಕು, ಆಮೇಲೆ ಮತ್ತೊಂದು ಎಳೆ. ಈ ಸಲ ಕಂಬದ ಹತ್ತಿರ ನಾನು, ಕಿಟಕಿಯಲ್ಲಿ ಅಪ್ಪ. "ಎಷ್ಟು?" "ಸೊನ್ನೆ." "ಈಗ?" "ಸೊನ್ನೆ." "ಈಗ?" ಉತ್ತರ ಇಲ್ಲ. ಒಳಗೆ ಹೋಗಿ ನೋಡಿದರೆ ಕ್ವಾಲಿಟಿ ಎಪ್ಪತ್ತೆರಡು. ಅಪ್ಪ ಕನ್ನಡಕ ಹುಡುಕುತ್ತಿದ್ದರು.

ಸ್ಕ್ಯಾನ್ ಮಾಡಿದೆವು, ಒಣ ಬಿಸಿಲಿನಲ್ಲಿ. ಎಲ್ಲ ಬಸ್ಸುಗಳೂ ಬಂದವು.

ಮರುದಿನ ನಾನು ಸ್ನಾನದ ಮನೆಯಲ್ಲಿದ್ದಾಗ ಅಪ್ಪ ಕೂಗಿದರು. "ಮತ್ತೆ ಹೋತು!" ಒದ್ದೆ ತಲೆಯಲ್ಲೇ ಹೊರಗೆ ಬಂದು ಗಡಿಯಾರ ನೋಡಿದೆ. ಹನ್ನೊಂದಕ್ಕೆ ಐದು ನಿಮಿಷ. ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಬುಟ್ಟಿ ಪೂರ್ತಿ ಬಿಸಿಲಲ್ಲಿ ಬೆಳ್ಳಗೆ ಉರಿಯುತ್ತಿತ್ತು, ಒಂದು ಎಲೆಯ ನೆರಳೂ ಇರಲಿಲ್ಲ. ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ನಿಂತಿದ್ದ. ಅವನ ಗದ್ದಲದಲ್ಲಿ ಚಂದನದ ದನಿ ಮುಳುಗಿಹೋಗಿತ್ತು. ಡಿಷ್ ಎಷ್ಟು ನೆಟ್ಟಗೆ ನೋಡುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸರ್ಟಿಫಿಕೇಟ್ ಸಿಗುವುದಿಲ್ಲ ಅಂದೆ. ನಾಲ್ಕೈದು ನಿಮಿಷಕ್ಕೆ ಚಿತ್ರ ತಾನಾಗಿ ಬಂತು. ಅಪ್ಪನಿಗೆ ಇದು ಬಹಳ ಹಿಡಿಸಿತು. ಮುಂದಿನ ಎರಡು ದಿನ ಅಕ್ಕಪಕ್ಕದವರನ್ನು ಹತ್ತೂ ಮುಕ್ಕಾಲಿಗೇ ಕರೆದು ಕೂರಿಸಿ, ಟಿವಿ ಹೋಗುವುದನ್ನು ತೋರಿಸಿದರಂತೆ.

ನೋಡಿ ಹೋದವರಲ್ಲಿ ಒಬ್ಬರು ಹೋದ ವಾರ ನನಗೆ ಫೋನ್ ಮಾಡಿದ್ದರು. ಅವರ ಮನೆಯಲ್ಲೂ ಗಾಳಿ ಬಂದರೆ ಚಾನೆಲ್ ಹೋಗುತ್ತಂತೆ. ಆಗ್ನೇಯಕ್ಕೆ ಏನಾದರೂ ಮರ ಇದೆಯಾ ಅಂತ ಕೇಳಿದೆ.

"ಒಂದು ತೆಂಗಿನ ಮರ ಇದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಅದು ಮೊದಲಿಂದ ಅಲ್ಲೇ ಇದೆಯಲ್ಲ ಮಾರಾಯ್ರೆ. ಇದು ಮಳೆಗೇ ಹೋಗಿರಬೇಕು."